ಕಿಟಕಿಯ ಕೊನೆಯ ಕುದಿನೀರು

ಸಲಗರೆಯಂಥ ಊರುಗಳಲ್ಲಿಯೂ ಮರದ ಕಿಟಕಿಗೆ ಬದಲಾಗಿ ಅಲ್ಯೂಮಿನಿಯಂ ಕಿಟಕಿ ಬರುತ್ತಿದೆ. ಚೌಕಟ್ಟು ಬೇಗನೆ ಕಲೆಗಟ್ಟಿದರೆ ಜನರು ಲೋಹವನ್ನು ದೂರುತ್ತಾರೆ. ಅನೇಕ ವೇಳೆ ದೋಷವಿರುವುದು ಕೊನೆಯ ಕುದಿನೀರಿನಲ್ಲಿ.

ಅಲ್ಯೂಮಿನಿಯಂ ತಾನಾಗಿಯೇ ತೆಳುವಾದ ಆಕ್ಸೈಡ್ ಪೊರೆಯನ್ನು ಹೊದ್ದಿರುತ್ತದೆ. ಬೆಳಗಾವಿಯಲ್ಲಿ ಬಾಕ್ಸೈಟಿನಿಂದ ತೆಗೆಯುವ ಬಿಳಿ ಪುಡಿಯೂ ಇದೇ ಆಕ್ಸೈಡು. ಗಂಧಕಾಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಆ ಪೊರೆಯನ್ನು ದಪ್ಪಗೊಳಿಸುವುದೇ ಅನೋಡೈಸಿಂಗ್. ಹಾಗೆ ಬೆಳೆದ ಪೊರೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಬಣ್ಣ ನಿಲ್ಲುವುದು ಅವುಗಳಲ್ಲಿಯೇ, ಉಪ್ಪುನೀರು ಇಳಿಯುವುದೂ ಅವುಗಳಲ್ಲಿಯೇ. ಆದುದರಿಂದ 96 ಡಿಗ್ರಿಗೂ ಮೇಲ್ಪಟ್ಟು ಕಾದ ಶುದ್ಧ ನೀರಿನಲ್ಲಿ ಅದ್ದಿಡುತ್ತಾರೆ. ಆಕ್ಸೈಡು ನೀರನ್ನು ಹೀರಿ ಬೋಮೈಟ್ ಎಂಬ ಖನಿಜವಾಗಿ ಉಬ್ಬುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಬಿಗಿಯುವಂತೆ ರಂಧ್ರದ ಬಾಯಿ ಮುಚ್ಚುತ್ತದೆ. ಪ್ರತಿ ಮೈಕ್ರಾನ್ ದಪ್ಪಕ್ಕೆ ಎರಡು ಮೂರು ನಿಮಿಷ ಬೇಕು. 20 ಮೈಕ್ರಾನಿಗೆ ಸುಮಾರು ಒಂದು ಗಂಟೆ. ಇಂಧನ ಉಳಿಸಲೆಂದು ಕತ್ತರಿಸುವುದು ಈ ಗಂಟೆಯನ್ನೇ. ಸಿಲಿಕೇಟ್ ಬೆರೆತ ಕೊಳವೆಬಾವಿಯ ನೀರೂ ಸಲ್ಲದು, ಅದು ಉಬ್ಬುವಿಕೆಯನ್ನು ತಡೆಯುತ್ತದೆ.

ವಿಮಾನದ ಭಾಗಗಳಿಗೆ ಬಹುಕಾಲ ಡೈಕ್ರೋಮೇಟ್ ದ್ರಾವಣ ಬಳಸಿದರು. ಕಿಲುಬಿಗೆ ಅದು ಬಲವಾದ ತಡೆ. ದುಡಿಯುವವರಿಗೆ ಕ್ಯಾನ್ಸರ್ ತರಬಲ್ಲ ವಿಷ. ಮನೆಯ ಕಿಟಕಿಗೆ ಅದರ ಹಂಗಿಲ್ಲ.

ಕೊಳ್ಳುವವರಿಗೆ ಒರಟಾದ ಪರೀಕ್ಷೆಯೊಂದುಂಟು: ಬಣ್ಣ ಹಾಕದ ತುಂಡಿನ ಮೇಲೆ ಮಕ್ಕಳ ಶಾಯಿಯ ಹನಿ ಬಿಟ್ಟು, ಐದು ನಿಮಿಷದ ಬಳಿಕ ಸಾಬೂನಿನಿಂದ ತೊಳೆಯಬೇಕು. ಕಲೆ ಉಳಿದರೆ ರಂಧ್ರಗಳಿನ್ನೂ ತೆರೆದಿವೆ.