ಜ್ಯೂರಿ ಹೋಯಿತು, ಪಂಚರು ಉಳಿದರು

ಅಮೆರಿಕದ ಪೌರತ್ವ ಪಡೆದು ಅಲ್ಲಿಯೇ ನೆಲೆಸಿರುವ ಕನ್ನಡಿಗರ ಮನೆಗೆ ಒಂದಲ್ಲ ಒಂದು ದಿನ ನ್ಯಾಯಾಲಯದಿಂದ ಪತ್ರ ಬರುತ್ತದೆ. ಇಂಥ ದಿನ ಜ್ಯೂರಿ ಸೇವೆಗೆ ಹಾಜರಾಗಬೇಕು ಎಂಬುದು ಅದರ ಒಕ್ಕಣೆ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಧರಿಸುವವರು ಅಲ್ಲಿ ಸಾಮಾನ್ಯ ನಾಗರಿಕರು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಅಂಥ ಪತ್ರ ಯಾರಿಗೂ ಬರುವುದಿಲ್ಲ. ಇಲ್ಲಿ ಬರುವುದು ಬೀಟ್ ಪೊಲೀಸರು. ‘ಸ್ವಲ್ಪ ಬನ್ನಿ ಯಜಮಾನ್ರೇ, ಮಹಜರಿಗೆ ಒಂದು ಸಹಿ ಬೇಕಾಗಿತ್ತು’ ಎಂಬ ಕರೆಯೇ ಇಲ್ಲಿನ ನಾಗರಿಕನಿಗೆ ನ್ಯಾಯದಾನ ವ್ಯವಸ್ಥೆಯ ಬಾಗಿಲು. ಆ ಬಾಗಿಲನ್ನು ನಮ್ಮವರು ದಾಟುವುದು ಅಳುಕುತ್ತಲೇ.

ಹಾಗೆಂದು ಜ್ಯೂರಿ ನಮಗೆ ಅಪರಿಚಿತವೇನಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಯಾವ ಜಿಲ್ಲೆಯಲ್ಲಿ, ಯಾವ ಅಪರಾಧಗಳಿಗೆ ಜ್ಯೂರಿ ವಿಚಾರಣೆ ನಡೆಯಬೇಕೆಂದು ಆಯಾ ಪ್ರಾಂತ ಸರ್ಕಾರ ಗೊತ್ತುಪಡಿಸುತ್ತಿತ್ತು. ಉಳಿದೆಡೆ ಸೆಷನ್ಸ್ ನ್ಯಾಯಾಧೀಶರಿಗೆ ಸಲಹೆ ನೀಡಲು ‘ಅಸೆಸರ್’ ಎಂಬ ನಾಗರಿಕರಿದ್ದರು. ಅವರ ಅಭಿಪ್ರಾಯಕ್ಕೆ ನ್ಯಾಯಾಧೀಶರು ಕಟ್ಟುಬಿದ್ದಿರಲಿಲ್ಲ. 1955ರ ತಿದ್ದುಪಡಿಯಲ್ಲಿ ಅಸೆಸರ್ ಪದ್ಧತಿ ಹೋಯಿತು. 1958ರಲ್ಲಿ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿಯನ್ನೂ ಕೈಬಿಡುವಂತೆ ಶಿಫಾರಸು ಮಾಡಿತು.

ಮರುವರ್ಷವೇ ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿ ಪ್ರಕರಣ ನಡೆಯಿತು. ಒಂಬತ್ತು ಮಂದಿಯ ಜ್ಯೂರಿ 8-1ರ ಬಹುಮತದಿಂದ ಕೊಲೆ ಆರೋಪಿಯನ್ನು ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟ್ ನೀಡಿದ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಜ್ಯೂರಿ ರದ್ದಾದದ್ದು ಈ ಒಂದು ಪ್ರಕರಣದಿಂದ ಎಂಬ ಜನಜನಿತ ಮಾತು ಅರ್ಧಸತ್ಯ. ಪದ್ಧತಿಗೆ ಆಗಲೇ ಇಳಿಗಾಲ ಆರಂಭವಾಗಿತ್ತು. 1973ರ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ.

ತೀರ್ಪು ನೀಡುವ ಪೀಠದಿಂದ ನಾಗರಿಕನನ್ನು ಕೆಳಗಿಳಿಸಿದ್ದಾಯಿತು. ಆದರೆ ಆ ತೀರ್ಪು ನಿಲ್ಲುವ ತಳಪಾಯದಿಂದ ಅವನನ್ನು ತೆಗೆಯಲಾಗಲಿಲ್ಲ. ಪಂಚನಾಗಿ, ಸಾಕ್ಷಿಯಾಗಿ ಅವನು ಅಲ್ಲಿಯೇ ಇದ್ದಾನೆ.

ಅಟ್ಟದ ಕೊಬ್ಬರಿ ಮತ್ತು ಖಾಲಿ ಹಾಳೆ

ಒಂದು ಉದಾಹರಣೆ ನೋಡೋಣ. ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಮೇಲೆ ಉಂಡೆ ಕೊಬ್ಬರಿಯಾಗುತ್ತದೆ. ರೈತನ ಪಾಲಿಗೆ ಅಟ್ಟವೆಂದರೆ ಬ್ಯಾಂಕಿನ ಠೇವಣಿಯಿದ್ದಂತೆ. ಬೆಲೆ ಏರಿದಾಗ ಅದರ ಮೇಲೆ ಕಳ್ಳರ ಕಣ್ಣೂ ಬೀಳುತ್ತದೆ. ಒಂದು ಮನೆಯ ಅಟ್ಟದಿಂದ ಕೊಬ್ಬರಿ ಕಳುವಾಯಿತೆನ್ನಿ. ಶಂಕಿತನ ಕೊಟ್ಟಿಗೆಯಲ್ಲಿ ಕೆಲವು ಚೀಲಗಳು ಸಿಗುತ್ತವೆ. ಪೊಲೀಸರು ನೆರೆಯ ತೋಟದವರನ್ನು ಪಂಚರಾಗಿ ಕರೆಯುತ್ತಾರೆ. ಅವರಿಗೆ ಅಂದು ಮಾರುಕಟ್ಟೆಯಲ್ಲಿ ಹರಾಜು. ಹೊರಡುವ ಆತುರದಲ್ಲಿ ಬರೆಯದ ಹಾಳೆಯ ಕೆಳಗೆ ಸಹಿ ಹಾಕಿ ಹೋಗುತ್ತಾರೆ.

ವರ್ಷಗಳು ಕಳೆದ ಮೇಲೆ ಸಮನ್ಸ್ ಬರುತ್ತದೆ. ‘ಚೀಲಗಳು ಎಷ್ಟಿದ್ದವು? ಯಾರ ಮುಂದೆ ತೂಕ ಹಾಕಿದರು? ಮಹಜರು ಬರೆದದ್ದು ಸ್ಥಳದಲ್ಲೋ ಠಾಣೆಯಲ್ಲೋ?’ ಎಂದು ಪಾಟಿ ಸವಾಲಿನಲ್ಲಿ ವಕೀಲರು ಕೇಳುತ್ತಾರೆ. ನೋಡದ ಮನುಷ್ಯ ಏನು ಹೇಳಿಯಾನು? ‘ಪೊಲೀಸರು ಹೇಳಿದರು, ಸಹಿ ಹಾಕಿದೆ’ ಎಂದರೆ ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲಾಗುತ್ತದೆ. ಕಳ್ಳ ನಿಜವಾಗಿ ಕಳ್ಳನೇ ಆಗಿದ್ದರೆ ಬಿಡುಗಡೆಯ ದಾರಿ ಸುಗಮವಾಗುತ್ತದೆ. ಅವನು ನಿರಪರಾಧಿಯಾಗಿದ್ದರೆ, ಯಾರೂ ನೋಡದ ಒಂದು ಹಾಳೆಯ ಬಲದಿಂದ ಅಷ್ಟು ವರ್ಷ ಆರೋಪಿಯಾಗಿ ಅಲೆದಿರುತ್ತಾನೆ. ಎರಡೂ ಅನ್ಯಾಯಗಳ ಬುಡದಲ್ಲಿರುವುದು ಅದೇ ಆತುರದ ಸಹಿ.

ಕಾನೂನು ಏನನ್ನುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಂ ಪ್ರಕಾರ, ಶೋಧಕ್ಕೆ ಮುನ್ನ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ ಹಾಗೂ ಗೌರವಾನ್ವಿತ ನಿವಾಸಿಗಳನ್ನು ಕರೆಯಬೇಕು. ಅವರ ಸಮಕ್ಷಮದಲ್ಲಿಯೇ ಶೋಧ ನಡೆಯಬೇಕು. ವಶಪಡಿಸಿಕೊಂಡ ವಸ್ತುಗಳ ಮತ್ತು ಅವು ದೊರೆತ ಸ್ಥಳಗಳ ಪಟ್ಟಿ ಸಿದ್ಧವಾದ ಮೇಲೆ ಅವರು ಸಹಿ ಹಾಕಬೇಕು. ಇಲ್ಲಿ ಅನುಕ್ರಮವೇ ಮುಖ್ಯ: ಮೊದಲು ನೋಡುವುದು, ಅನಂತರ ಬರೆಯುವುದು, ಕೊನೆಗೆ ಸಹಿ.

ಲಿಖಿತ ಆದೇಶ ನೀಡಿ ಶೋಧಕ್ಕೆ ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 222ನೇ ಕಲಂ ಪ್ರಕಾರ ಅಪರಾಧ. ಆದರೆ ಶೋಧದ ಪಂಚನಾದ ಮಾತ್ರಕ್ಕೆ ನ್ಯಾಯಾಲಯಕ್ಕೆ ಹೋಗಲೇಬೇಕೆಂದಿಲ್ಲ. ನ್ಯಾಯಾಲಯ ವಿಶೇಷವಾಗಿ ಸಮನ್ಸ್ ನೀಡಿದರೆ ಮಾತ್ರ ಹೋಗಬೇಕು.

ಹೊಸ ಸಂಹಿತೆಯ 105ನೇ ಕಲಂ ಮಹತ್ವದ್ದು. ಶೋಧ, ಜಪ್ತಿ, ಪಟ್ಟಿ ತಯಾರಿಕೆ, ಪಂಚರ ಸಹಿ ಇವೆಲ್ಲವನ್ನೂ ದೃಶ್ಯ-ಧ್ವನಿ ಮುದ್ರಣ ಮಾಡಬೇಕು. ಅದಕ್ಕೆ ಮೊಬೈಲ್ ಫೋನ್ ಸಾಕು. ಪ್ರಾಮಾಣಿಕ ಪಂಚನಿಗೆ ಇದು ರಕ್ಷಣೆ. ಠಾಣೆಯಲ್ಲಿ ಕುಳಿತು ಬರೆಯುವ ಮಹಜರಿಗೆ ಇದು ಅಡ್ಡಿ. ಮುದ್ರಣ ಆಗುತ್ತಿದೆಯೇ ಎಂದು ವಿನಯದಿಂದ ವಿಚಾರಿಸುವುದರಲ್ಲಿ ತಪ್ಪೇನೂ ಇಲ್ಲ.

ಸಾಕ್ಷಿಯ ವಿಷಯದಲ್ಲಿಯೂ ತಿಳಿದಿರಬೇಕಾದ ಸಂಗತಿಗಳಿವೆ. ಮಹಿಳೆಯರು, 15 ವರ್ಷದೊಳಗಿನ ಅಥವಾ 60 ವರ್ಷ ಮೀರಿದ ಪುರುಷರು, ಅಂಗವಿಕಲರು ಹಾಗೂ ತೀವ್ರ ಅನಾರೋಗ್ಯ ಪೀಡಿತರನ್ನು ಹೇಳಿಕೆಗಾಗಿ ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಅವರು ವಾಸಿಸುವಲ್ಲಿಗೇ ಪೊಲೀಸರು ಹೋಗಬೇಕು. ತನಿಖೆಯ ವೇಳೆ ಪೊಲೀಸರಿಗೆ ನೀಡಿದ ಹೇಳಿಕೆಗೆ ಸಾಕ್ಷಿಯಿಂದ ಸಹಿ ಪಡೆಯುವಂತಿಲ್ಲ. ಮಹಜರು ಬೇರೆ, ಹೇಳಿಕೆ ಬೇರೆ ಎಂಬ ಈ ವ್ಯತ್ಯಾಸ ಬಹುಮಂದಿಗೆ ತಿಳಿದಿಲ್ಲ. ನ್ಯಾಯಾಲಯಕ್ಕೆ ಹೋಗುವಾಗ ಪೊಲೀಸರ ಜೊತೆಯಲ್ಲಿಯೇ ಬರಬೇಕೆಂದು ಯಾರೂ ಹೇಳುವಂತಿಲ್ಲ. ಸಾಕ್ಷಿ ಹಾಜರಿದ್ದಾಗ ವಿಶೇಷ ಕಾರಣ ದಾಖಲಿಸದೆ, ವಿಚಾರಣೆಯನ್ನೇ ಮಾಡದೆ ದಿನಾಂಕ ಮುಂದೂಡಬಾರದೆಂದು ಕಾನೂನು ವಿಧಿಸುತ್ತದೆ. ಸಾಕ್ಷಿ ಬತ್ತೆ ಕೇಳುವುದಕ್ಕೂ ಸಂಕೋಚ ಬೇಡ.

ಜೊತೆಗೆ ಒಂದು ಎಚ್ಚರಿಕೆ. ಪ್ರಮಾಣ ಮಾಡಿ ಬೇಕೆಂದೇ ಸುಳ್ಳು ಸಾಕ್ಷ್ಯ ನುಡಿದರೆ ಏಳು ವರ್ಷಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಆದರೆ ಮರೆತಿರುವುದನ್ನು ‘ಮರೆತಿದೆ’ ಎನ್ನುವುದು ಸುಳ್ಳಲ್ಲ. ಸಹಿ ಹಾಕಿದ ದಿನ, ವೇಳೆ, ಕಂಡದ್ದು ಇಷ್ಟನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿಟ್ಟರೆ ಮುಂದೊಂದು ದಿನ ನೆನಪಿಗೆ ಆಸರೆಯಾದೀತು.

ಹಿಂದೇಟಿಗೆ ಕಾರಣ

ಜನ ಹಿಂಜರಿಯುವುದು ಕೇವಲ ಅಜ್ಞಾನದಿಂದ ಎನ್ನುವುದು ಅನ್ಯಾಯದ ಮಾತು. ಒಂದು ದಿನದ ಕೂಲಿ ಹೋಗುತ್ತದೆ. ಕಾಯಿ ಕೀಳುವವರು ಸಿಕ್ಕ ದಿನವೇ ವಾಯಿದೆ ಬಂದಿರುತ್ತದೆ. ಇದಕ್ಕಿಂತ ಭಾರವಾದದ್ದು ಊರಿನ ಹಂಗು. ಬದುವಿನ ಆಚೆ ಈಚೆ ಇರುವವರ ವಿರುದ್ಧ ಸಾಕ್ಷಿ ನುಡಿದು, ಮರುದಿನ ಅದೇ ದಾರಿಯಲ್ಲಿ ತೋಟಕ್ಕೆ ಹೋಗಬೇಕು. ನಗರದ ಜ್ಯೂರಿ ಸದಸ್ಯ ತೀರ್ಪು ಕೊಟ್ಟು ಜನಜಂಗುಳಿಯಲ್ಲಿ ಕರಗಿಹೋಗಬಹುದು. ಹಳ್ಳಿಯ ಸಾಕ್ಷಿಗೆ ಆ ಸೌಕರ್ಯವಿಲ್ಲ.

ಗಂಭೀರ ಅಪರಾಧಗಳಲ್ಲಿ ಸಾಕ್ಷಿಗಳ ರಕ್ಷಣೆಗಾಗಿ ರೂಪಿಸಿದ ಯೋಜನೆಗೆ 2018ರಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅನುಮೋದನೆ ನೀಡಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಯ ಮುಂದೆ ರಕ್ಷಣೆ ಕೋರಬಹುದು. ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಬೇಕೆಂದು ಹೊಸ ಸಂಹಿತೆಯ 398ನೇ ಕಲಂ ಹೇಳುತ್ತದೆ. ಆದರೆ ಬದುವಿನ ಮೇಲಿನ ಮೌನದ ವೈರಕ್ಕೆ ಯಾವ ಯೋಜನೆಯೂ ಮದ್ದಲ್ಲ. ಒಳ್ಳೆಯವರು ಹಿಂದೆ ಸರಿದಷ್ಟೂ ಆ ಜಾಗಕ್ಕೆ ಠಾಣೆಯ ಸುತ್ತ ಓಡಾಡುವ ‘ಕಾಯಂ ಪಂಚರು’ ಬರುತ್ತಾರೆ. ಅಂಥವರ ಸಾಕ್ಷ್ಯಕ್ಕೆ ನ್ಯಾಯಾಲಯದಲ್ಲಿ ತೂಕವೆಷ್ಟು?

ಪೀಠದಲ್ಲೂ ಇದೆ ಜಾಗ

ನಾಗರಿಕ ನ್ಯಾಯಪೀಠದಿಂದ ಪೂರ್ಣ ಮರೆಯಾಗಿದ್ದಾನೆಯೇ ಎಂದರೆ ಅದೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಇರಬೇಕಾದ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬರು ಮಹಿಳೆ ಇರಲೇಬೇಕು. ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣ ಕ್ಷೇತ್ರದಲ್ಲಿ ಏಳು ವರ್ಷ ದುಡಿದವರು ಇದಕ್ಕೆ ಅರ್ಹರು. ಲೋಕ ಅದಾಲತ್ತಿನ ಪೀಠದಲ್ಲೂ ನ್ಯಾಯಾಧೀಶರಲ್ಲದವರಿಗೆ ಅವಕಾಶವಿದೆ. ತಾಲ್ಲೂಕಿನ ನಿವೃತ್ತ ಶಿಕ್ಷಕಿಯರು, ಆರೋಗ್ಯ ಕಾರ್ಯಕರ್ತೆಯರು ಇಂಥ ಹೊಣೆಯ ಕಡೆ ಗಮನ ಹರಿಸಬಾರದೇಕೆ? ಉಚಿತ ಕಾನೂನು ನೆರವು ಬೇಕಾದವರಿಗೆ 15100 ಸಹಾಯವಾಣಿ ಇದೆ.

ಜಪಾನ್ 2009ರಿಂದ ಗಂಭೀರ ಪ್ರಕರಣಗಳಲ್ಲಿ ಮೂವರು ನ್ಯಾಯಾಧೀಶರ ಜೊತೆ ಆರು ಮಂದಿ ನಾಗರಿಕರನ್ನು ಕೂರಿಸುತ್ತಿದೆ. ನಮ್ಮಲ್ಲಿ ಜ್ಯೂರಿ ಮರಳಿ ಬರುವ ಸೂಚನೆಯಿಲ್ಲ. ಬರಬೇಕೇ ಎಂಬುದು ಬೇರೆಯೇ ಚರ್ಚೆ. ಇರುವ ಹೊಣೆಯನ್ನು ನೆಟ್ಟಗೆ ನಿಭಾಯಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಕೊಬ್ಬರಿ ಕೊಳ್ಳುವವರು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡದೆ ಬೆಲೆ ಹೇಳುವುದಿಲ್ಲ. ಇನ್ನೊಬ್ಬರ ಸ್ವಾತಂತ್ರ್ಯ ನಿಂತಿರುವ ಹಾಳೆಗೆ ಸಹಿ ಹಾಕುವ ಮುನ್ನ ಅಷ್ಟಾದರೂ ನೋಡಬೇಡವೇ?