ಬಾಣದ ಮೊನೆ ಹೊರಿಸುವ ಆಪಾದನೆ

ಪೆರೇಸಂದ್ರದ ಹೊರಗೆ, ಹೆದ್ದಾರಿಯ ಸದ್ದು ದೂರವಾಗುವೆಡೆ, ಏರಿಯೊಂದಕ್ಕೆ ಒರಗಿಸಿದ ಹುಲ್ಲಿನ ಕಟ್ಟಿನ ಮುಂದೆ ಬಿಲ್ಲುಗಾರನೊಬ್ಬ ನಿಂತಿರುವನೆಂದು ವಾಚಕರು ಊಹಿಸಿಕೊಳ್ಳಲಿ. ಅವನ ಕೈಯಲ್ಲಿರುವುದು ಬಿದಿರಿನ ಬಿಲ್ಲಲ್ಲ. ಎರಡು ತುದಿಗಳಲ್ಲಿಯೂ ರಾಟೆಗಳುಳ್ಳ ಕಾಂಪೌಂಡ್ ಬಿಲ್ಲು. ಅಮೆರಿಕದ ಹೋಲೆಸ್ ವಿಲ್ಬರ್ ಅಲೆನ್ ಎಂಬಾತನಿಗೆ 1969ರಲ್ಲಿ ಇದರ ಪೇಟೆಂಟು ದೊರೆಯಿತು. ಹೆದೆಯನ್ನು ಪೂರ್ಣವಾಗಿ ಸೆಳೆದಾಗ ರಾಟೆಗಳೇ ಹೊರೆಯ ಬಹುಪಾಲನ್ನು ಹೊರುವುದರಿಂದ ಗುರಿ ನೋಡಲು ಬಿಡುವು ದೊರೆಯುತ್ತದೆ. ಬೇಲೂರಿನ ಬೇಟೆಗಾರ್ತಿ ಶಿಲಾಬಾಲಿಕೆಗೆ ಈ ಸೌಕರ್ಯವಿರಲಿಲ್ಲ.

ಅವನು 30 ಗಜದಿಂದ ದುಂಡುಮೊನೆಯ ಮೂರು ಬಾಣಗಳನ್ನು ಬಿಡುತ್ತಾನೆ. ಮೂರೂ ಒಂದೆಡೆ ನಾಟುತ್ತವೆ. ಬಳಿಕ ಅದೇ ತೂಕದ, ಎಂದರೆ 100 ಗ್ರೇನಿನ, ಸುಮಾರು ಆರೂವರೆ ಗ್ರಾಮಿನ ಅಲಗುಮೊನೆಯನ್ನು ಕೂಡಿಸುತ್ತಾನೆ. ಬಾಣ ಒಂದು ಗೇಣು ಎಡಕ್ಕೆ ಸರಿದು ನಾಟುತ್ತದೆ! ತೂಕವೂ ಒಂದೇ, ಕೈಯೂ ಒಂದೇ. ಹಾಗಾದರೆ ದೋಷ ಯಾರದು?

ಮೊನೆಯದಂತೂ ಅಲ್ಲ. ಬಾಣದ ಹಿಂಬದಿಯ ಗರಿಗಳು ಅದನ್ನು ನೇರಗೊಳಿಸಲು ಹೆಣಗುತ್ತಿರುವಾಗ, ಮುಂದಿನ ಅಲಗುಗಳೂ ಗಾಳಿಯನ್ನು ಹಿಡಿದು ಓರೆಯನ್ನು ಹೆಚ್ಚಿಸುತ್ತವೆ. ಬಿಲ್ಲನ್ನು ಬಿಡುವಾಗಲೇ ಬಾಣ ಕೂದಲೆಳೆಯಷ್ಟು ಓರೆಯಾಗಿದ್ದರೆ, ದುಂಡುಮೊನೆ ಆ ತಪ್ಪನ್ನು ಮರೆಮಾಚುತ್ತದೆ, ಅಲಗುಮೊನೆ ಬಯಲಿಗೆಳೆಯುತ್ತದೆ. ಇದನ್ನರಿಯದವನು ಸೈಟನ್ನು ಎಡಕ್ಕೆ ಸರಿಸಿ ತೃಪ್ತನಾಗುತ್ತಾನೆ. ಜ್ವರ ಬಂದಾಗ ಥರ್ಮಾಮೀಟರನ್ನು ತಿದ್ದಿದಂತಾಯಿತು! ಮರುಗಳಿಗೆಯಲ್ಲೇ ದುಂಡುಮೊನೆ ಬಲಕ್ಕೆ ಹೋಗಿ ಅವನನ್ನು ಅಣಕಿಸುತ್ತದೆ.

ಬಲ್ಲವನು ಮೊದಲು ಮೊನೆ ನೆಟ್ಟಗಿದೆಯೇ ಎಂದು ಬಾಣವನ್ನು ತಿರುಗಿಸಿ ನೋಡುತ್ತಾನೆ. ಅಲುಗಾಡುವ ಮೊನೆಗೆ ಯಾವ ಹೊಂದಾಣಿಕೆಯೂ ಮದ್ದಲ್ಲ. ಅನಂತರ ಬಾಣ ಆತುಕೊಳ್ಳುವ ರೆಸ್ಟನ್ನು ಬಲಕ್ಕೆ, ಒಂದು ಮಿಲಿಮೀಟರಿಗೂ ಕಡಿಮೆ, ಸರಿಸುತ್ತಾನೆ. ಅಲಗಿನ ಬಾಣ ಎತ್ತ ಹೋಗಬೇಕೋ ರೆಸ್ಟು ಅತ್ತ ಸರಿಯಬೇಕು. ಕೆಳಗೆ ನಾಟಿದರೆ ರೆಸ್ಟು ಮೇಲೇರಬೇಕು. ಪ್ರತಿ ಸಲವೂ ಎರಡು ಬಗೆಯ ಬಾಣಗಳನ್ನೂ ಬಿಟ್ಟು ನೋಡಬೇಕು. ಆತುರಗಾರನಿಗೆ ಇದು ದಕ್ಕದ ವಿದ್ಯೆ. ಮೊನೆಯ ತೂಕವನ್ನೇ ಹೆಚ್ಚಿಸಿದರೆ ಬಾಣದ ಕಡ್ಡಿ ಹೆಚ್ಚು ಬಾಗುವುದು. ಆಗ ಗಡಸು ಕಡ್ಡಿಯನ್ನೇ ಹುಡುಕಬೇಕಾದೀತು.

ಈ ಶ್ರಮವೆಲ್ಲ ಬೇಟೆಗೋ ಎಂದು ಕೇಳುವವರಿರಬಹುದು. ನಮ್ಮಲ್ಲಿ ಅದಕ್ಕೆ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಗುಡ್ಡದ ಮೊಲವನ್ನೂ ಕಾಯುತ್ತದೆ. ಸ್ಪರ್ಧೆಗೆ ದುಂಡುಮೊನೆಯೇ ಸಾಕು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ಬಿಲ್ಲಿನ ಐದೂ ಚಿನ್ನದ ಪದಕಗಳು ಭಾರತೀಯರ ಪಾಲಾದುವು. ಅಲಗುಮೊನೆ ಇಲ್ಲಿ ಬಿಲ್ಲಿನ ಪರೀಕ್ಷಕ ಮಾತ್ರ.

ಹೊತ್ತು ಇಳಿಯುವ ವೇಳೆಗೆ ಎರಡು ಬಾಣಗಳೂ ಅಕ್ಕಪಕ್ಕದಲ್ಲಿ ನಾಟಿಕೊಂಡಿವೆ. ಬಿಲ್ಲುಗಾರನು ಆಗ ಮೊದಲ ಬಾರಿಗೆ ಸೈಟನ್ನು ಮುಟ್ಟುತ್ತಾನೆ. ಅಲಗುಮೊನೆಯನ್ನು ಜೋಪಾನವಾಗಿ ಬಿಚ್ಚಿ ಡಬ್ಬಿಗೆ ಸೇರಿಸುತ್ತಾನೆ.