ಕೇಳಿ ಅರಿಯುವ ಸೇವೆ

ಬಂದವರ ಹಸಿವನ್ನರಿತು ಬಡಿಸುವುದೇ ದಾಸೋಹದ ಮೊದಲ ಪಾಠ. ಉಣ್ಣುವವರಿಗೆ ಹಲ್ಲಿಲ್ಲವೆಂಬುದನ್ನು ನೋಡದೆ ಖಡಕ್ ರೊಟ್ಟಿ ಬಡಿಸಿದರೆ, ಬಡಿಸಿದವರ ಭಕ್ತಿ ಎಷ್ಟಿದ್ದರೂ ಉಣ್ಣುವವರ ಹಸಿವು ಹಿಂಗದು. ವೃದ್ಧರ ಶುಶ್ರೂಷೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಈ ಸಲ ನಾವು ಅಮೆರಿಕೆಯ ಒಂದು ವ್ಯವಸ್ಥೆಯನ್ನು ಕುರಿತು ಬರೆಯಲು ಕಾರಣವಿದೆ. ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲೆಸಿದ್ದಾರೆ. ಅವರೊಡನೆ ಹೋಗಿ ನೆಲೆಸಿದ ಹಿರಿಯರೂ ಇದ್ದಾರೆ. ಅಲ್ಲಿ ನರ್ಸಿಂಗ್ ಹೋಂ ಎಂದರೆ ನಮ್ಮೂರಿನ ಖಾಸಗಿ ಆಸ್ಪತ್ರೆಯಲ್ಲ. ಹಗಲಿರುಳೂ ದಾದಿಯರ ಆರೈಕೆ ಬೇಕಾದವರು ತಿಂಗಳುಗಟ್ಟಲೆ, ಕೆಲವೊಮ್ಮೆ ಜೀವನದ ಕೊನೆಯವರೆಗೂ ವಾಸಿಸುವ ಮನೆ ಅದು. ಅಲ್ಲಿರುವವರನ್ನು ರೋಗಿಯೆನ್ನದೆ ನಿವಾಸಿಯೆಂದು ಕರೆಯುವುದು ವಾಡಿಕೆ.

ಅಂತಹ ಮನೆಗಳ ಕಳಪೆ ಆರೈಕೆಯನ್ನು ಕುರಿತು 1986ರಲ್ಲಿ ಅಲ್ಲಿನ ವೈದ್ಯಕೀಯ ಸಂಸ್ಥೆಯೊಂದು ವಿಸ್ತಾರವಾದ ವರದಿಯನ್ನು ಪ್ರಕಟಿಸಿತು. ಅದರ ಫಲವಾಗಿ 1987ರಲ್ಲಿ ಕಾಯಿದೆಯಾಯಿತು. ಸರ್ಕಾರದ ಮೆಡಿಕೇರ್, ಮೆಡಿಕೇಡ್ ಯೋಜನೆಗಳ ಹಣ ಪಡೆಯುವ ಪ್ರತಿಯೊಂದು ನರ್ಸಿಂಗ್ ಹೋಂ ತನ್ನ ಎಲ್ಲ ನಿವಾಸಿಗಳ ಸ್ಥಿತಿಗತಿಯನ್ನು ಒಂದೇ ಮಾದರಿಯ ಪ್ರಶ್ನಾವಳಿಯಲ್ಲಿ ದಾಖಲಿಸಬೇಕೆಂಬ ಕಟ್ಟಳೆ ಬಂದಿತು. ಮಿನಿಮಮ್ ಡೇಟಾ ಸೆಟ್ ಎಂಬುದು ಅದರ ಹೆಸರು. ಸೇರಿದ ಹದಿನಾಲ್ಕು ದಿನಗಳೊಳಗೆ ಮೊದಲ ಪರಿಶೀಲನೆ, ಅನಂತರ ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಸಮಗ್ರವಾಗಿ. ಆರೈಕೆಯ ಯೋಜನೆ ಸಿದ್ಧವಾಗುವುದು ಇದರಿಂದಲೇ. ಸಂಸ್ಥೆಗೆ ದೊರೆಯುವ ಹಣ, ಅದರ ಗುಣಮಟ್ಟದ ಅಂಕ ಇವೂ ಇದನ್ನು ಅವಲಂಬಿಸಿವೆ.

ಈ ಪ್ರಶ್ನಾವಳಿ ಆಗಾಗ ಬದಲಾಗುತ್ತದೆ. 2010ರ ಅಕ್ಟೋಬರ್ 1ರಂದು ಬಂದ ಬದಲಾವಣೆ ಎಲ್ಲಕ್ಕಿಂತ ಹಿರಿದು. ಅದುವರೆಗೆ ನಿವಾಸಿಯ ಮನಸ್ಸು, ನೋವು, ನೆನಪುಗಳನ್ನು ಬಹುಮಟ್ಟಿಗೆ ಸಿಬ್ಬಂದಿಯೇ ನೋಡಿ ಅಂದಾಜು ಮಾಡಿ ಬರೆಯುತ್ತಿದ್ದರು. ಅಂದಿನಿಂದ ನಿವಾಸಿಯನ್ನೇ ಕೇಳಬೇಕೆಂಬ ನಿಯಮವಾಯಿತು. ಮೂರು ಪದಗಳನ್ನು ಹೇಳಿ ಪುನಃ ಹೇಳಿಸುವುದು, ವರ್ಷ, ತಿಂಗಳು, ವಾರಗಳನ್ನು ಕೇಳುವುದು, ತುಸು ಹೊತ್ತಿನ ಬಳಿಕ ಆ ಪದಗಳನ್ನು ನೆನಪಿಸಿಕೊಳ್ಳಲು ಹೇಳುವುದು — ಹೀಗೆ ಹದಿನೈದು ಅಂಕಗಳ ಪರೀಕ್ಷೆ. ಯಾವ ಉಡುಪು ತೊಡುವುದು, ಯಾವಾಗ ಮಲಗುವುದು, ಪೂಜೆ ಪ್ರಾರ್ಥನೆಗಳಲ್ಲಿ ಪಾಲ್ಗೊಳ್ಳುವುದು ತಮಗೆಷ್ಟು ಮುಖ್ಯವೆಂಬುದನ್ನೂ ಕೇಳಬೇಕು.

2023ರ ಅಕ್ಟೋಬರ್ 1ರ ಬದಲಾವಣೆಯೂ ಸಣ್ಣದಲ್ಲ. ಏಳು ದಿನಗಳಲ್ಲಿ ಎಷ್ಟು ಬಾರಿ, ಎಂತಹ ನೆರವು ಬೇಕಾಯಿತೆಂದು ಲೆಕ್ಕವಿಡುತ್ತಿದ್ದ ಹಳೆಯ ವಿಭಾಗವನ್ನು ಕೇಂದ್ರದ ಪ್ರಶ್ನಾವಳಿಯಿಂದ ತೆಗೆಯಲಾಯಿತು. ಅದರ ಸ್ಥಾನದಲ್ಲಿ ನಿವಾಸಿ ಸಾಮಾನ್ಯವಾಗಿ ಎಷ್ಟನ್ನು ತಾನೇ ಮಾಡಿಕೊಳ್ಳುತ್ತಾನೆಂಬುದಕ್ಕೆ ಒಂದರಿಂದ ಆರರವರೆಗೆ ಅಂಕ ನೀಡುವ ಕ್ರಮ ನೆಲೆಗೊಂಡಿತು. ಆರು ಎಂದರೆ ಸ್ವತಂತ್ರ, ಒಂದು ಎಂದರೆ ಪೂರ್ಣ ಪರಾವಲಂಬಿ. ತಟ್ಟೆ ಸಿದ್ಧಪಡಿಸಿಕೊಟ್ಟರೆ ತಾನೇ ಉಣ್ಣುವವರಿಗೆ ಐದು. ಅರ್ಧಕ್ಕಿಂತ ಹೆಚ್ಚಿನ ಶ್ರಮವನ್ನು ಸಹಾಯಕಿಯೇ ಪಡಬೇಕಾದರೆ ಎರಡು. ನಿವಾಸಿಯ ಭಾಷೆ ಯಾವುದು, ದುಭಾಷಿ ಬೇಕೇ ಎಂಬ ಪ್ರಶ್ನೆಗಳು ಮೊದಲೇ ಇದ್ದವು; ಒಂಟಿತನ ಎಷ್ಟು ಬಾರಿ ಕಾಡುತ್ತದೆ ಎಂಬ ಪ್ರಶ್ನೆಗೂ ಆಗ ಸ್ಥಾನ ದೊರೆಯಿತು.

ಇಂತಹ ಬದಲಾವಣೆಗೆ ಸಿಬ್ಬಂದಿಯನ್ನು ಸಿದ್ಧಪಡಿಸುವುದೆಂದರೆ ಹೊಸ ನಮೂನೆಯನ್ನು ಕೈಗಿತ್ತು ತುಂಬಲು ಹೇಳುವುದಷ್ಟೇ ಎಂದು ಹಲವು ಆಡಳಿತಗಾರರು ಭಾವಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಮೊದಲು ತಿದ್ದಬೇಕಾದುದು ನೋಡುವ ಕಣ್ಣನ್ನು. ಲೇಖನಿ ಹಿಡಿಯುವ ದಾದಿಗಿಂತ ಮೈ ತೊಳೆಸುವ, ಹಾಸಿಗೆಯಿಂದ ಎಬ್ಬಿಸುವ ಸಹಾಯಕಿಯೇ ನಿವಾಸಿಯನ್ನು ಹೆಚ್ಚು ಬಲ್ಲಳು. ಆಕೆಗೆ, ವಿಶೇಷವಾಗಿ ರಾತ್ರಿ ಪಾಳಿಯವರಿಗೆ, ತರಬೇತಿ ತಲುಪದಿದ್ದರೆ ದಾಖಲೆ ಹುಸಿಯಾಗುತ್ತದೆ. ಅವಸರದಲ್ಲಿ ಗುಂಡಿ ತಾನೇ ಹಾಕಿಬಿಡುವ ಸಹಾಯಕಿ ಆ ಹಿರಿಯರಿಗೆ ಕೈಲಾಗದೆಂದೇ ವರದಿ ಮಾಡುತ್ತಾಳೆ. ಬೀಳುವ ಭಯವಿಲ್ಲದಿರುವಾಗ ಅವರೇ ಮಾಡಲೆಂದು ತಾಳ್ಮೆಯಿಂದ ಕಾಯುವುದನ್ನು ಕಲಿಸಬೇಕು. ಇಬ್ಬರು ಒಬ್ಬರೇ ನಿವಾಸಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಅಂಕಗಳನ್ನು ಹೋಲಿಸಿ ಚರ್ಚಿಸಿದರೆ ಸಂದೇಹಗಳು ಬಗೆಹರಿಯುತ್ತವೆ. ಕೇಳುವಾಗ ಎದುರಿಗೆ ಕುಳಿತು, ಕಿವಿಯ ಯಂತ್ರ, ಕನ್ನಡಕಗಳಿವೆಯೇ ಎಂದು ನೋಡಿಕೊಂಡು, ಗದ್ದಲವಿಲ್ಲದೆಡೆ ಕೇಳಬೇಕು.

ಇಲ್ಲಿ ತಪ್ಪಿದರೆ ಆಗುವ ಹಾನಿ ಏನು? ಕನ್ನಡವನ್ನಷ್ಟೇ ಬಲ್ಲ ತಾಯಿಯೊಬ್ಬರನ್ನು ಊಹಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಅವರು ಸುಮ್ಮನಿದ್ದರೆ ಬುದ್ಧಿ ಮಸುಕಾಗಿದೆಯೆಂಬ ಷರಾ ಬೀಳಬಹುದು. ನೋವನ್ನು ಹೇಳಲಾಗದೆ ಸಹಿಸಿದರೆ ನೋವಿಲ್ಲವೆಂದು ದಾಖಲಾಗಬಹುದು. ಬೆಳಿಗ್ಗೆ ಮಿಂದು ಇಷ್ಟಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವರು ಉಪಾಹಾರವನ್ನು ದೂರ ತಳ್ಳಿದರೆ ಹಟವೆಂದೆನಿಸಬಹುದು. ಒಂದು ತಪ್ಪು ಗುರುತು ಮೂರು ತಿಂಗಳ ಬಾಳನ್ನು ಬದಲಿಸಬಲ್ಲದು.

ಆದುದರಿಂದ ಅಲ್ಲಿರುವ ನಮ್ಮ ಕುಟುಂಬಗಳು ಕೆಲವು ಸಂಗತಿಗಳನ್ನು ಮರೆಯಬಾರದು. ಹಿರಿಯರ ಭಾಷೆ ಕನ್ನಡವೆಂದು ಮೊದಲ ದಿನವೇ ಬರೆಯಿಸಿ, ದುಭಾಷಿಯನ್ನು ಕೇಳಿರಿ. ನೀವೇ ದುಭಾಷಿಗಳಾದರೆ ಹಿರಿಯರು ನುಡಿದಷ್ಟನ್ನೇ ಹೇಳಿರಿ. ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಟ್ಟರೆ ಪರೀಕ್ಷೆ ವ್ಯರ್ಥ. ಸಸ್ಯಾಹಾರ, ಪೂಜೆಯ ವೇಳೆ, ಕೊರಳಿನ ಲಿಂಗವನ್ನು ತೆಗೆಯಬಾರದೆಂಬುದು — ಇವನ್ನು ವಿನಯದಿಂದ ವಿವರಿಸಿರಿ. ಸಮಗ್ರ ಪರಿಶೀಲನೆ ಮುಗಿದ ಏಳು ದಿನಗಳೊಳಗೆ ಆರೈಕೆಯ ಯೋಜನೆ ಸಿದ್ಧವಾಗಬೇಕು. ಅದರಲ್ಲಿ ಪಾಲ್ಗೊಳ್ಳುವ ಹಕ್ಕು ನಿವಾಸಿಗಿದೆ. ಆ ಸಭೆಗೆ ತಪ್ಪದೆ ಹೋಗಿರಿ.

ಇನ್ನು ಆ ಮನೆಗಳಲ್ಲಿ ವೈದ್ಯರಾಗಿ, ದಾದಿಯರಾಗಿ ದುಡಿಯುವ ನಮ್ಮವರಿಗೆ ಒಂದು ಮಾತು. ನಿಯಮ ಬದಲಾದಾಗಲೆಲ್ಲ ಬರುವ ತರಬೇತಿಯನ್ನು ಹೊರೆಯೆಂದು ತಿಳಿಯದಿರಿ. ಕಾಯಕ ಶುದ್ಧವಾಗುವುದು ಕೈಯ ಚುರುಕಿನಿಂದ ಮಾತ್ರವಲ್ಲ, ಎದುರಿನ ಜೀವವನ್ನು ಅರಿಯುವ ತಾಳ್ಮೆಯಿಂದ. ಕಾಗದದ ಮೇಲಿನ ಒಂದೊಂದು ಅಂಕದ ಹಿಂದೆಯೂ ಯಾರದೋ ತಂದೆ, ಯಾರದೋ ತಾಯಿ ಇದ್ದಾರೆ. ಅವರನ್ನು ಕೇಳಿ ಬರೆಯಿರಿ.